ಐದು ಗಂಟೆಗೆ ಬಂದವರು

"ಸಾರ್, ಇವತ್ತು ನಾಲ್ಕಕ್ಕೆ ಬೇಡ, ಐದಕ್ಕೆ ಬನ್ನಿ" ಎಂದು ಹೇಳಿ, ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುವ ಹಲ್ಲಿನ ಡಾಕ್ಟರು ಫೋನ್ ಇಟ್ಟ ಮೇಲೂ ಅವನು ಅದನ್ನು ಕಿವಿಯಿಂದ ತೆಗೆಯಲಿಲ್ಲ. ಇನ್ನೇನಾದರೂ ಹೇಳಿಯಾರು, ಕ್ಲಿನಿಕ್ಕಿನಲ್ಲಿ ರಶ್ಶು, ಕಾರು ಕೆಟ್ಟಿದೆ, ಹೆಂಡತಿಗೆ ಜ್ವರ, ಏನೋ ಒಂದು ಎಂದು ಕಾದ. ಕಾರಣವನ್ನು ಸೇರಿಸಬಾರದು, ಸೇರಿಸಿದರೆ ಸುಳ್ಳು ಗೊತ್ತಾಗಿಬಿಡುತ್ತದೆ ಎಂದು ಬ್ಯಾಂಡಿನಲ್ಲಿ ಮೊದಲು ಹೇಳಿಕೊಟ್ಟವನು ತಾನೇ ಎಂಬುದು ಆಮೇಲೆ ನೆನಪಾಯಿತು. ಅಷ್ಟರಲ್ಲಿ ಎಡಗೈಯಲ್ಲಿದ್ದ ಕನ್ನಡಕದ ಫ್ರೇಮು ಬಿಸಿಗಾಳಿಯ ಯಂತ್ರದ ಮುಂದೆ ಮೆತ್ತಗಾಗಿ, ಎದುರಿನ ಸ್ಟೂಲಿನ ಮೇಲೆ ಕಾಯುತ್ತಿದ್ದ ನಿವೃತ್ತ ಹೆಡ್‌ಮಿಸ್ಟ್ರೆಸ್ಸರ ಕಣ್ಣೆದುರಿಗೇ ಸೊಟ್ಟಗಾಗಿಹೋಯಿತು. ಅವನು ಅದನ್ನು ಬಟ್ಟೆಯಲ್ಲಿ ಹಿಡಿದು ತಿದ್ದಿದ, ಮೂಗಿನ ಮೆತ್ತೆಯ ತಿರುಪು ಬಿಗಿದ, ಕಳಚಿಬಿದ್ದಿದ್ದ ಎರಡೂ ಗಾಜನ್ನು ಕೂರಿಸಿ ಅವರ ಮೂಗಿನ ಮೇಲಿಟ್ಟ. ಆಕೆ ಗೋಡೆಯ ಮೇಲಿನ ಅಕ್ಷರಗಳ ಹಲಗೆಯನ್ನು ನೋಡಿದರು, ಅವನನ್ನು ನೋಡಿದರು. "ಇದು ನನ್ನ ಕಣ್ಣಲ್ಲಪ್ಪ" ಎಂದರು. ಎಡದ ಗಾಜು ಬಲಕ್ಕೆ ಹೋಗಿತ್ತು. ಇಪ್ಪತ್ತೆಂಟು ವರ್ಷದ ಕೆಲಸದಲ್ಲಿ ಹೀಗಾಗಿದ್ದು ಇದೇ ಮೊದಲು. ಒಳಗಿನಿಂದ ಮಾಲೀಕನ ಮಗಳು ಎದ್ದು ಬಂದು, ಅವನ ಕೈಯಿಂದ ಕನ್ನಡಕ ತೆಗೆದುಕೊಂಡು, ಗಿರಾಕಿಗೆ ಮಾತ್ರ ಕೇಳಿಸಬೇಕಾದಷ್ಟು ಮೆಲ್ಲಗೆ, ಆದರೆ ಅವನಿಗೂ ಕೇಳಿಸುವಷ್ಟು ಸ್ಪಷ್ಟವಾಗಿ, "ವಯಸ್ಸಾಯ್ತಲ್ಲ ಮೇಡಮ್, ಅವರದ್ದೇ ಪವರ್ ನೋಡಿಸ್ಬೇಕು" ಎಂದಳು. ಹೆಡ್‌ಮಿಸ್ಟ್ರೆಸ್ಸು ನಕ್ಕರು. ಅವನೂ ನಕ್ಕ.

ಬ್ಯಾಂಡಿನವರು ಅವನನ್ನು ಕನ್ನಡಕ ಎಂದೇ ಕರೆಯುತ್ತಿದ್ದರು. ಅವನು ಬಾಸ್ ಗಿಟಾರು ನುಡಿಸುವವನು. ನಾಲ್ಕು ದಪ್ಪ ತಂತಿ, ಸಭೆಯಲ್ಲಿ ಯಾರೂ ಗಮನಿಸದ, ನಿಂತರೆ ಮಾತ್ರ ಗೊತ್ತಾಗುವ ಸದ್ದು. ಹಾಡುವವನು ಒಂಟೆ. ಆರಡಿ ಮೂರಂಗುಲ ಇದ್ದುದರಿಂದಲೂ, ಕತ್ತು ಮುಂದೆ ಚಾಚಿ ಹಾಡುತ್ತಿದ್ದುದರಿಂದಲೂ ಆ ಹೆಸರು. ಇಬ್ಬರೂ ಕೂಡಿ ಶುರು ಮಾಡಿದ್ದು. ಬರುವ ತಿಂಗಳು ಇಪ್ಪತ್ತೈದು ವರ್ಷ ತುಂಬುತ್ತದೆ, ದೊಡ್ಡ ಹಾಲಿನಲ್ಲಿ ಕಾರ್ಯಕ್ರಮ. ಈ ಇಪ್ಪತ್ತೈದು ವರ್ಷದಲ್ಲಿ ಒಂಬತ್ತು ಜನ ಬಂದು ಹೋಗಿದ್ದಾರೆ, ಮತ್ತು ಒಬ್ಬನಿಗೂ 'ನೀನು ಬೇಡ' ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ. ಹೇಳುವ ಅಗತ್ಯ ಬಂದಿರಲಿಲ್ಲ. ಶನಿವಾರದ ನಾಲ್ಕು ಗಂಟೆಯ ಪ್ರಾಕ್ಟೀಸು ಬೇಡವಾದವನೊಬ್ಬನಿಗೆ ಮಾತ್ರ ಐದು ಗಂಟೆಯಾಗುತ್ತಿತ್ತು, ಅಷ್ಟೆ. ಆ ಒಂದು ಗಂಟೆಯಲ್ಲಿ ಹೊಸಬ ಬಂದು, ನುಡಿಸಿ, ಹಿಂದಿನ ಕಬ್ಬಿಣದ ಮೆಟ್ಟಿಲಿಳಿದು ಹೋಗಿರುತ್ತಿದ್ದ. ಮೊದಲು ಹೀಗಾದದ್ದು ಕಡ್ಡಿಗೆ. ಕಡ್ಡಿ ಮೊದಲನೆಯ ಡ್ರಮ್ಮರು, ಕೈಯಲ್ಲಿ ಹಿಡಿದ ಕೋಲಿಗೂ ತೋಳಿಗೂ ವ್ಯತ್ಯಾಸವಿಲ್ಲದ ಹುಡುಗ, ಜೊತೆಗೇ ಓದಿದವನು. ತಾಳ ಓಡುತ್ತಿತ್ತು ಅವನದು, ಏನು ಮಾಡಿದರೂ ಓಡುತ್ತಿತ್ತು. "ಐದು ಗಂಟೆ ಅಂತ ಹೇಳಿಬಿಡು ಅವನಿಗೆ. ನೀನೇ ಹೇಳು, ನಿನ್ನ ಬಾಯಲ್ಲಿ ಬೈಗುಳ ಕೂಡ ಬೆಣ್ಣೆ ಹಾಗಿರುತ್ತೆ ಕಣೋ" ಎಂದಿದ್ದ ಒಂಟೆ. ಹೇಳಿದ. ಐದಕ್ಕೆ ಬಂದ ಕಡ್ಡಿ ತನ್ನ ಸ್ಟೂಲಿನ ಮೇಲೆ ಕೂತ, ಮೊಣಕಾಲು ಎದೆಗೆ ಬಡಿಯಿತು. ಹೊಸಬ ಕುಳ್ಳ, ಸ್ಟೂಲನ್ನು ಇಳಿಸಿದ್ದ, ಮತ್ತೆ ಏರಿಸಿಡುವುದನ್ನು ಎಲ್ಲರೂ ಮರೆತಿದ್ದರು. ಕಡ್ಡಿ ಎದ್ದು, ತಿರುಪು ಸಡಿಲಿಸಿ, ಸ್ಟೂಲನ್ನು ತನ್ನ ಎತ್ತರಕ್ಕೆ ತಂದು, ಅವತ್ತು ಎರಡು ಗಂಟೆ ಹೊತ್ತು ಒಮ್ಮೆಯೂ ತಾಳ ಓಡಿಸದೆ ಬಾರಿಸಿದ. ಮುಂದಿನ ಶನಿವಾರ ಬರಲಿಲ್ಲ. ಆ ಸ್ಟೂಲಿನ ತಿರುಪು ಕಿರುಗುಟ್ಟಿದ್ದು ಈಗಲೂ ಕನ್ನಡಕನಿಗೆ ಕೆಲವೊಮ್ಮೆ, ಫ್ರೇಮಿನ ಪುಟ್ಟ ತಿರುಪು ಬಿಗಿಯುವಾಗ, ಕೇಳಿಸುತ್ತದೆ.

ಈಗ ಯೋಚಿಸಿದರೆ ಎಲ್ಲ ಕಣ್ಣೆದುರಿಗೇ ನಡೆದಿತ್ತು. ಎರಡು ವಾರದ ಹಿಂದೆ ಗಿಟಾರು ನುಡಿಸುವ ವಕೀಲ, ಬಾಟಲಿಯಿಂದ ನೀರು ಕುಡಿಯುತ್ತ, ಏನೂ ಅಲ್ಲವೆಂಬಂತೆ, "ಸಾರ್, ಎಲ್ಲಾ ಹಾಡಿಂದೂ ಬಾಸ್ ಬರೆದಿಡಿ, ಮೊದಲು ಹೇಗೆ ನುಡಿಸ್ತಿದ್ರೋ ಹಾಗೆ" ಎಂದಿದ್ದ. ಯಾಕೆ ಎಂದದ್ದಕ್ಕೆ "ಇರ್ಲಿ ಅಂತ" ಎಂದಿದ್ದ. ವಕೀಲರು ಬರೆದಿಡಿ ಎಂದಾಗ ಎಚ್ಚರವಾಗಿರಬೇಕಿತ್ತು. ತಾನು ದಡ್ಡನ ಹಾಗೆ ಎರಡು ರಾತ್ರಿ ಕೂತು, ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಅಂದವಾಗಿ ಗೆರೆ ಹಾಕಿ ಬರೆದುಕೊಟ್ಟ. ಮನೆ ಖಾಲಿ ಮಾಡುವವನು ಬೀಗದ ಕೈಗಳಿಗೆ ಚೀಟಿ ಅಂಟಿಸಿ ಕೊಟ್ಟ ಹಾಗೆ. ಆಮೇಲೆ ಡಾಕ್ಟರು ಹೊಸ ಫೋಟೊ ತೆಗೆಸೋಣ ಎಂದರು. ಬ್ಯಾಂಡಿನಲ್ಲಿ ಜನ ಬದಲಾದಾಗ ಮಾತ್ರ ಫೋಟೊ ತೆಗೆಸುವುದು, ಸುಮ್ಮಸುಮ್ಮನೆ ಯಾರೂ ತೆಗೆಸುವುದಿಲ್ಲ. ಅದಕ್ಕೂ ಮೊದಲು, ಮೂರು ನಾಲ್ಕು ಸಲ, "ಬಾಸ್ ಜಾಸ್ತಿ ಆಗ್ತಿದೆ ಸಾರ್, ಉಳಿದಿದ್ದೇನೂ ಕೇಳಿಸ್ತಿಲ್ಲ" ಎಂದು ವಕೀಲ ಮುಖ ಸಿಂಡರಿಸಿದ್ದ. ಜಾಸ್ತಿ ಆಗುತ್ತಿದ್ದುದು ನಿಜ. ಆದರೆ ಯಾಕೆ ಎಂದು ಅವನಿಗೇನು ಗೊತ್ತು? ಒಂಟೆಯ ಗಂಟಲು ಎರಡು ವರ್ಷದಿಂದ ಮೇಲಿನ ಸ್ವರಗಳಲ್ಲಿ ಒಡೆಯುತ್ತಿತ್ತು. ಅವನಿಗಾಗಿ ಹಾಡುಗಳ ಶ್ರುತಿಯನ್ನು ಎರಡು ಸಲ ಇಳಿಸಿದ್ದರು, ಆದರೂ ಒಡೆಯುತ್ತಿತ್ತು. ಆ ಜಾಗ ಹತ್ತಿರ ಬರುತ್ತಿದ್ದ ಹಾಗೆ ಕನ್ನಡಕನ ಬೆರಳು ತಾನಾಗಿ ಬಲವಾಗಿ ಎಳೆಯುತ್ತಿತ್ತು, ಗಾಜಿನ ಕಿಟಕಿಗಳು ಗಡಗಡಿಸುವ ಹಾಗೆ, ಒಡಕು ಅದರೊಳಗೆ ಮುಚ್ಚಿಹೋಗುವ ಹಾಗೆ. ಇದನ್ನು ಅವನು ಒಂಟೆಗೂ ಹೇಳಿರಲಿಲ್ಲ, ಒಂಟೆಯೂ ಕೇಳಿರಲಿಲ್ಲ. ಅದಕ್ಕೇ ಈಗ ತನ್ನನ್ನು ತೆಗೆಯುತ್ತಿದ್ದಾರೆ ಎನಿಸಿತು. ಒಂಟೆ ಇದಕ್ಕೆ ಒಪ್ಪಿರಬಹುದೆ? ಒಂಟೆ ಒಪ್ಪದೆ ಇದು ನಡೆಯುವುದುಂಟೆ? ಐದು ಗಂಟೆಯನ್ನು ಹುಟ್ಟಿಸಿದವನೇ ಅವನಲ್ಲವೆ?

ಮಧ್ಯಾಹ್ನ ಊಟಕ್ಕೆಂದು ಮನೆಗೆ ನಡೆಯುವಾಗ ತಡೆಯಲಾರದೆ ಒಂಟೆಗೆ ಫೋನ್ ಮಾಡಿದ. ಒಂಟೆ ಒಂದೇ ರಿಂಗಿಗೆ ಎತ್ತಿದ, ಕೈಯಲ್ಲೇ ಹಿಡಿದುಕೊಂಡಿದ್ದವನ ಹಾಗೆ. "ಏನೋ?" "ಏನಿಲ್ಲ, ಸುಮ್ನೆ ಮಾಡ್ದೆ." "ಊಟ ಆಯ್ತಾ?" "ಇನ್ನೂ ಇಲ್ಲ. ನಿಂದು?" "ನಂದೂ ಇಲ್ಲ." ಆ ಕಡೆ ಕೆಟಲಿನಲ್ಲಿ ನೀರು ಕುದಿಯುವ ಸದ್ದು ಕೇಳುತ್ತಿತ್ತು. ಗಂಟಲಿಗೆಂದು ಇಡೀ ದಿನ ಬಿಸಿನೀರು ಕುಡಿಯುತ್ತಾನೆ. "ಸರಿ, ಸಂಜೆ ಸಿಗೋಣ" ಎಂದ ಒಂಟೆ. "ಸಿಗೋಣ" ಎಂದ ಕನ್ನಡಕ. ಎಷ್ಟು ಗಂಟೆಗೆ ಎಂದು ಅವನು ಹೇಳಲಿಲ್ಲ. ಪ್ರತಿ ಸಲ 'ನಾಲ್ಕಕ್ಕೆ ಸಿಗೋಣ, ಲೇಟ್ ಮಾಡಬೇಡ' ಎನ್ನುವವನು ಈ ಸಲ ಬರೀ ಸಂಜೆ ಎಂದ. ಬಾಯಿಗೆ ಬಂದದ್ದನ್ನು ನುಂಗಿಕೊಂಡದ್ದು ಸ್ಪಷ್ಟವಾಗಿ ಗೊತ್ತಾಯಿತು. ಕಳ್ಳ, ಎಂದುಕೊಂಡ ಕನ್ನಡಕ. ನನ್ನ ಹತ್ತಿರವೇ.

"ಇವತ್ತು ಐದಕ್ಕಂತೆ" ಎಂದ, ತಟ್ಟೆಯ ಮುಂದೆ ಕೂತು, ಹವೆಯ ವಿಷಯ ಹೇಳಿದ ಹಾಗೆ. ಹೆಂಡತಿ ಬಡಿಸುತ್ತಿದ್ದ ಕೈ ನಿಲ್ಲಿಸಿದಳು.

"ಐದಕ್ಕಾ? ಎಲ್ಲರಿಗೂನಾ, ನಿಮಗೊಬ್ಬರಿಗೇನಾ?"

"ಗೊತ್ತಿಲ್ಲ."

"ಕೇಳ್ಬೇಕಿತ್ತು."

"ಹೇಗೆ ಕೇಳೋದು?"

"ನನ್ನ ತಮ್ಮನೂ ಕೇಳ್ಲಿಲ್ಲ ಬಿಡಿ" ಎಂದಳು ಅವಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ತಡೆಯಲಾಗದ್ದು. ಅವಳ ತಮ್ಮ ಮೂರು ವರ್ಷ ಗಿಟಾರು ನುಡಿಸಿದ್ದ, ವಕೀಲನಿಗೆ ಮೊದಲು. ಕನ್ನಡಕನೇ ಕರೆತಂದದ್ದು, ಕನ್ನಡಕನೇ ಫೋನ್ ಮಾಡಿದ್ದು. "ಸರಿ ಭಾವ" ಎಂದಿದ್ದ ಆ ಹುಡುಗ ಎಷ್ಟು ಸಲೀಸಾಗಿ, ಖುಷಿಯಿಂದಲೇ ಅನ್ನಬೇಕು, ಒಂದು ಗಂಟೆ ಹೆಚ್ಚು ಮಲಗಬಹುದಲ್ಲ ಎನ್ನುವ ಹಾಗೆ. ಆಮೇಲಿನ ಹನ್ನೊಂದು ವರ್ಷದಲ್ಲಿ ಅವನು ಅಕ್ಕನ ಮನೆಗೆ ಬಂದದ್ದು ಆರೇಳು ಸಲ, ಅಷ್ಟು ಸಲವೂ ಸಂಜೆ ಸರಿಯಾಗಿ ಐದಕ್ಕೆ ಬಂದು ಬೆಲ್ ಮಾಡಿದ್ದಾನೆ. ಬೇಕೆಂದೇ ಮಾಡುತ್ತಾನೋ, ಅವನಿಗೆ ಬಸ್ಸು ಸಿಗುವುದೇ ಆಗಲೋ, ಕನ್ನಡಕನಿಗೆ ಇನ್ನೂ ಬಗೆಹರಿದಿಲ್ಲ. "ಅವತ್ತು ಬಂದು ಅಡುಗೆಮನೇಲಿ ಕೂತಿದ್ದ" ಎಂದಳು ಹೆಂಡತಿ. "ಅಕ್ಕ, ಭಾವ ಒಂದ್ ಮಾತು ಹೇಳಿದ್ರೆ ನಾನೇ ಬಿಡ್ತಿದ್ದೆ ಅಂದ. ನಾನೇನು ಹೇಳ್ಲಿ? ನಿಮ್ಮ ಭಾವಂಗೆ ಬಾಸ್ ನುಡಿಸೋಕೆ ಬರುತ್ತೆ, ಮಾತಾಡೋಕೆ ಬರಲ್ಲ ಅಂದೆ." ಅವಳು ತಾನೇ ಸ್ವಲ್ಪ ನಕ್ಕಳು. ಆಮೇಲೆ, "ಹೋಗ್ಲಿ, ಬಿಟ್ಬಿಡಿ. ಐವತ್ತಾಯ್ತು. ಶನಿವಾರ ಮನೇಲಿರಿ" ಎಂದಳು. ಅವನಿಗೆ ಊಟ ಸೇರಲಿಲ್ಲ. ಶನಿವಾರ ಮನೆಯಲ್ಲಿದ್ದುಕೊಂಡು ಏನು ಮಾಡುವುದು? ಅಂಗಡಿಯಲ್ಲಿ ಅವನು ಗಾಜು ಉಜ್ಜುವವನು, ಮನೆಯಲ್ಲಿ ಗಂಡ, ಅಪ್ಪ. ವಾರಕ್ಕೆ ಮೂರು ಗಂಟೆ ಮಾತ್ರ ಅವನು ಬೇರೆ ಏನೋ. ಆ ಮೂರು ಗಂಟೆಯನ್ನು ಕಿತ್ತುಕೊಂಡರೆ ಉಳಿಯುವವನ ಪರಿಚಯ ಅವನಿಗೇ ಇರಲಿಲ್ಲ.

ಅಂಗಡಿಗೆ ಹಲ್ಲುನೋವೆಂದು ಸುಳ್ಳು ಹೇಳಿ, ಸುಳ್ಳಿಗೂ ಹಲ್ಲೇ ನೆನಪಾಯಿತಲ್ಲ ಎಂದು ತನ್ನ ಮೇಲೇ ಸಿಡುಕಿಕೊಂಡು, ನಾಲ್ಕೂ ಕಾಲಿಗೆ ಟೈರ್ ಅಂಗಡಿಯ ಮುಂದೆ ಬಂದು ನಿಂತ. ಪ್ರಾಕ್ಟೀಸಿನ ಕೋಣೆ ಅದರ ಮೇಲೆ, ಎರಡನೇ ಮಹಡಿಯಲ್ಲಿ. ಗಿಟಾರಿನ ಪೆಟ್ಟಿಗೆಯನ್ನು ಬೆನ್ನಿಗೆ ಹಾಕಿಕೊಂಡು, ಕದ್ದು ಬಂದವನ ಹಾಗೆ, ಹೆಜ್ಜೆಯ ಸದ್ದಾಗದಂತೆ ಮೆಟ್ಟಿಲು ಹತ್ತಿದ. ಗೋಡೆಯುದ್ದಕ್ಕೂ ಬ್ಯಾಂಡಿನ ಫೋಟೊಗಳು, ಒಟ್ಟು ಆರು, ಎಲ್ಲವೂ ಇದೇ ಮೆಟ್ಟಿಲ ಮೇಲೆ ಕೂತು ತೆಗೆಸಿದವು. ಮೊದಲನೆಯದರಲ್ಲಿ ಕಡ್ಡಿ ನಗುತ್ತಿದ್ದಾನೆ. ಎರಡನೆಯದರಲ್ಲಿ ಆ ಜಾಗದಲ್ಲಿ ಕುಳ್ಳ. ಮೂರು, ನಾಲ್ಕು, ಹೆಂಡತಿಯ ತಮ್ಮ ಬಂದ, ಹೋದ, ವಕೀಲ ಬಂದ, ಆಗ ತಲೆಯಲ್ಲಿ ಕೂದಲಿತ್ತು. ಆರನೆಯದರಲ್ಲಿ ಡಾಕ್ಟರು. ಆರರಲ್ಲೂ ಇರುವ ಮುಖ ಎರಡೇ, ಹಿಂದಿನ ಸಾಲಿನಲ್ಲಿ ಒಂಟೆ, ಅವನ ಮುಂದಿನ ಮೆಟ್ಟಿಲಲ್ಲಿ ಕನ್ನಡಕ, ಒಂಟೆಯ ಕೈ ಪ್ರತಿ ಫೋಟೊದಲ್ಲೂ ಅವನ ಹೆಗಲ ಮೇಲೆ. ಆರನೆಯ ಫೋಟೊದ ಪಕ್ಕದಲ್ಲಿ ಗೋಡೆಗೆ ಹೊಸ ಮೊಳೆ ಹೊಡೆದಿತ್ತು. ಕಳೆದ ವಾರ ಇರಲಿಲ್ಲ. ಅವನು ಆ ಮೊಳೆಯನ್ನು ಮುಟ್ಟಿ ನೋಡುತ್ತಿದ್ದಾಗಲೇ ಗೋಡೆಯೊಳಗಿನಿಂದ ಬಾಸ್ ಕೇಳಿಸತೊಡಗಿತು.

ಆ ಕೋಣೆಯ ಬಾಗಿಲಿಗೆ ದಪ್ಪ ಮೆತ್ತೆ ಹೊಡೆದಿದ್ದರು. ಹಾಡು ಹೊರಗೆ ಬರುವುದಿಲ್ಲ, ಗಿಟಾರೂ ಬರುವುದಿಲ್ಲ. ಬಾಸ್ ಮಾತ್ರ ಗೋಡೆಯನ್ನೇ ಹಿಡಿದು ಬರುತ್ತದೆ, ಡ್ರಮ್ಮಿನ ಗುದ್ದು ಸ್ವಲ್ಪ ಬರುತ್ತದೆ. ಯಾರೋ ತನ್ನ ಬಾಸ್ ನುಡಿಸುತ್ತಿದ್ದಾನೆ. ಮೊದಲನೇ ರೆಕಾರ್ಡಿಂಗಿನ ಹಾಡು, ಹಳೇ ಶ್ರುತಿಯಲ್ಲಿ, ಇಳಿಸುವ ಮೊದಲು ಹೇಗಿತ್ತೋ ಹಾಗೆ. ಮೆರೆಯುತ್ತಿದ್ದಾನೆ ಬಡ್ಡೀಮಗ, ಎಂದುಕೊಂಡ. ಗೋಡೆಗೆ ಅಂಗೈಯಿಟ್ಟು ನಿಂತ. ಎಷ್ಟು ಹಗುರವಾಗಿ ನುಡಿಸುತ್ತಾನೆ! ಯಾವುದನ್ನೂ ಮುಚ್ಚಬೇಕಾಗಿಲ್ಲದ, ಯಾರಿಗೂ ಹೆದರದ ಬೆರಳು. ಹುಡುಗನೇ ಇರಬೇಕು, ಇಪ್ಪತ್ತೈದರ ಒಳಗಿನವನು. ಮೂರನೆಯ ಸಾಲಿನ ಕೊನೆಗೆ ಕನ್ನಡಕ ಆ ಕಾಲದಲ್ಲಿ ಒಂದು ತಪ್ಪು ಮಾಡಿದ್ದ, ಒಂದು ಸ್ವರ ತಡವಾಗಿ ಬಿದ್ದಿತ್ತು, ರೆಕಾರ್ಡಿಂಗಿನಲ್ಲಿ ಹಾಗೇ ಉಳಿದು ಆಮೇಲೆ ಅದೇ ಸರಿಯಾಗಿಬಿಟ್ಟಿತ್ತು. ಇವನು ಆ ತಪ್ಪನ್ನೂ ನುಡಿಸಿದ, ಅಷ್ಟೇ ತಡವಾಗಿ, ಕೂದಲೆಳೆ ವ್ಯತ್ಯಾಸವಿಲ್ಲದೆ. ತಪ್ಪನ್ನೂ ಬರೆದುಕೊಟ್ಟಿದ್ದೆನಲ್ಲ. ಅದೊಂದನ್ನಾದರೂ ಇಟ್ಟುಕೊಳ್ಳಬಹುದಿತ್ತು. ತನಗಿಂತ ಚೆನ್ನಾಗಿ ನುಡಿಸುತ್ತಾನೆ ಎಂದು ಒಪ್ಪಿಕೊಂಡ. ಒಪ್ಪಿಕೊಂಡಾಗ ಒಂಟೆಯ ಮೇಲೆ ಸಿಟ್ಟು ಬಂತು. ಕಡ್ಡಿಯ ಹಾಗೆ ಸ್ಟೂಲು ಸರಿಮಾಡಿಕೊಂಡು ಕೂರುವವನಲ್ಲ ನಾನು, ಎಂದುಕೊಂಡು ಬಾಗಿಲನ್ನು ನೂಕಿದ.

ಒಳಗೆ ಯಾರೂ ಬಾಸ್ ನುಡಿಸುತ್ತಿರಲಿಲ್ಲ. ಡ್ರಮ್ಸಿನ ಹಿಂದೆ ಡಾಕ್ಟರು, ಪಕ್ಕದಲ್ಲಿ ವಕೀಲ, ಅವನ ಎದುರು ಕುರ್ಚಿಯ ಮೇಲೆ ಆಂಪ್ಲಿಫೈಯರಿಗೆ ಜೋಡಿಸಿ ತೆರೆದಿಟ್ಟ ಲ್ಯಾಪ್‌ಟಾಪು. ಒಂಟೆ ಇರಲಿಲ್ಲ. ಒಂಟೆ ನಿಲ್ಲುವ ಜಾಗದಲ್ಲಿ ಅವನ ಎದೆಯಷ್ಟೆತ್ತರದ ಒಬ್ಬ ಹುಡುಗಿ ಕಣ್ಣುಮುಚ್ಚಿ ಹಾಡುತ್ತಿದ್ದಳು. ಒಂಟೆಯ ದನಿ ಒಡೆಯುವ ಆ ಜಾಗವನ್ನು ಅವಳು ಹೊಸಿಲು ದಾಟಿದಷ್ಟು ಸುಲಭವಾಗಿ ದಾಟಿ ಮುಂದೆ ಹೋದಳು. ವಕೀಲ ಕೈ ಎತ್ತಿದ. ಎಲ್ಲ ನಿಂತ ಮೇಲೂ ಲ್ಯಾಪ್‌ಟಾಪಿನಿಂದ ಬಾಸ್ ಮಾತ್ರ ಎರಡು ಸಾಲು ನುಡಿಯುತ್ತಲೇ ಇತ್ತು, ಹಳೇ ರೆಕಾರ್ಡಿಂಗಿನಿಂದ ಬೇರ್ಪಡಿಸಿದ, ಇಪ್ಪತ್ತೈದು ವರ್ಷದ ಹಿಂದಿನ ಅವನದೇ ಬೆರಳು. ವಕೀಲ ಒಂದು ಗುಂಡಿ ಒತ್ತಿ ಅದನ್ನು ನಿಲ್ಲಿಸಿದ.

"ಐದಕ್ಕೆ ಅಂದಿದ್ದೆ ಸಾರ್" ಎಂದರು ಡಾಕ್ಟರು, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ.

ಹುಡುಗಿ ಓಡಿ ಬಂದು ಅವನ ಮುಂದೆ ನಿಂತಳು. "ಅಂಕಲ್, ನಾನು ಡಾಕ್ಟರ್ ಕ್ಲಿನಿಕ್ಕಲ್ಲಿ ಕೆಲಸ ಮಾಡೋದು. ನಿಮ್ಮ ಹಾಡು ಕೇಳ್ತಾನೇ ಬೆಳೆದೋಳು ನಾನು. ನಮ್ಮಪ್ಪಂಗೆ ನೀವಂದ್ರೆ ಪ್ರಾಣ."

"ನೀವು ಅವರ ಹಳೇ ಫ್ರೆಂಡು" ಎಂದ ವಕೀಲ, ಒಂಟೆಯ ಹೆಸರೆತ್ತದೆ, ನೆಲ ನೋಡುತ್ತ. "ಮೊದಲೇ ಹೇಳಿದ್ರೆ ನಿಮಗೆ ಕಷ್ಟ ಆಗುತ್ತೆ ಅಂತ ಹೇಳ್ಲಿಲ್ಲ. ಇಪ್ಪತ್ತೈದು ವರ್ಷದ್ದು, ಸಾವಿರ ಜನ ಬರ್ತಾರೆ. ಆ ಗಂಟಲು ತಡೆಯಲ್ಲ ಸಾರ್. ನಿಮಗೂ ಗೊತ್ತು. ನಮ್ಮೆಲ್ಲರಿಗಿಂತ ಜಾಸ್ತಿ ನಿಮಗೇ ಗೊತ್ತು."

ತನ್ನನ್ನಲ್ಲ. ಅದೊಂದೇ ಮಾತು ಕನ್ನಡಕನ ತಲೆಯೊಳಗೆ ಸುತ್ತುತ್ತಿತ್ತು. ತನ್ನನ್ನಲ್ಲ, ಒಂಟೆಯನ್ನು. ಹಳೇ ಶ್ರುತಿಯಲ್ಲಿ ಬರೆಸಿಕೊಂಡದ್ದು ಈ ಹುಡುಗಿಗೆ. ಫೋಟೊ ಈ ಹುಡುಗಿಗೆ, ಮೊಳೆ ಈ ಹುಡುಗಿಗೆ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಮೈಯೆಲ್ಲ ಹಗುರಾಗಿ, ನಗು ಬಂದುಬಿಡುತ್ತದೆಯೆಂದು ಹೆದರಿ ಬಗ್ಗಿ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದ. ಬೆಳಿಗ್ಗೆಯಿಂದ ಒಂಟೆಯನ್ನು ಬೈದದ್ದೆಲ್ಲ ನೆನಪಾಗಿ ನಾಚಿಕೆಯೂ ಆಯಿತು, ಆದರೆ ನಾಚಿಕೆ ನಿಧಾನವಾಗಿ ಬಂತು, ಸಂತೋಷ ಮೊದಲು ಬಂದುಬಿಟ್ಟಿತ್ತು. ಇದನ್ನು ಅವನು ತನ್ನಿಂದ ಬಚ್ಚಿಟ್ಟುಕೊಳ್ಳಲು ಆಗಲಿಲ್ಲ. ತಲೆ ಎತ್ತಿದಾಗ ಮುಖದಲ್ಲಿ ತಕ್ಕಷ್ಟು ದುಃಖವಿತ್ತು.

"ಅವನಿಗೆ ಎಷ್ಟು ಗಂಟೆ ಹೇಳಿದ್ದೀರ?" ಎಂದು ಕೇಳಿದ.

"ಐದು."

"ನಾನೇನು ಮಾಡ್ಬೇಕು? ನಾನು ಹೇಳಲ್ಲ ಅವನಿಗೆ. ನನ್ನ ಕೈಲಿ ಆಗಲ್ಲ."

"ಏನೂ ಹೇಳೋದು ಬೇಡ" ಎಂದ ವಕೀಲ. "ನೀವು ಆ ಜಾಗದಲ್ಲಿ ಜೋರಾಗಿ ನುಡಿಸಿ ಮುಚ್ಚಬೇಡಿ, ಅಷ್ಟೇ ಸಾಕು. ಉಳಿದದ್ದು ಅವರಿಗೇ ಕೇಳಿಸುತ್ತೆ. ಈಗ ನೀವು ಕೆಳಗೆ ಹೋಗಿ, ಐದಕ್ಕೆ ಅವರ ಜೊತೇನೇ ಬನ್ನಿ. ಮೊದಲೇ ಇಲ್ಲಿದ್ರೆ ಚೆನ್ನಾಗಿರಲ್ಲ."

ಗೊತ್ತಿತ್ತು ಇವರಿಗೆ, ಯಾವತ್ತಿನಿಂದಲೋ. ಮುಚ್ಚಿದ್ದನ್ನು ಕೇಳಿಸಿಕೊಂಡು ಸುಮ್ಮನಿದ್ದರು. ಇಲ್ಲ ಎನ್ನುವುದಕ್ಕೆ ಒಂದು ಕ್ಷಣ ಸಮಯವಿತ್ತು, ಅದು ಹೋಗುವುದನ್ನು ಕನ್ನಡಕ ನೋಡಿದ. ಪೆಟ್ಟಿಗೆಯನ್ನು ಬೆನ್ನಿಗೇರಿಸಿಕೊಂಡು ಆರು ಫೋಟೊಗಳನ್ನು ದಾಟಿ ಕೆಳಗಿಳಿದ. ಟೈರುಗಳ ರಾಶಿಯ ಪಕ್ಕ ನಿಂತು, ಹಿಂದಿನ ಕಬ್ಬಿಣದ ಮೆಟ್ಟಿಲ ಮೇಲೆ ಹುಡುಗಿಯ ಚಪ್ಪಲಿ ಟಪಟಪ ಇಳಿಯುವುದನ್ನು ಕೇಳಿದ.

ಐದಕ್ಕೆ ಹತ್ತು ನಿಮಿಷವಿದ್ದಾಗ ಒಂಟೆ ಬಂದ. ದೂರದಿಂದಲೇ ಕಾಣಿಸಿದ, ಕಂಕುಳಲ್ಲಿ ಫ್ಲಾಸ್ಕು, ಕತ್ತು ಮುಂದೆ, ಕ್ಷೌರ ಮಾಡಿಕೊಂಡು ಇಸ್ತ್ರಿಯ ಶರಟು ಹಾಕಿದ್ದ, ಯಾವುದೋ ಸಂದರ್ಶನಕ್ಕೆ ಹೊರಟವನ ಹಾಗೆ. ಕನ್ನಡಕನನ್ನು ಕಂಡು ಅಲ್ಲೇ ನಿಂತುಬಿಟ್ಟ. ಗಡಿಯಾರ ನೋಡಿದ. ಬೆನ್ನ ಮೇಲಿನ ಪೆಟ್ಟಿಗೆ ನೋಡಿದ.

"ನಿನಗೂ ಐದಾ?"

"ಹೂಂ. ನನಗೂ ಐದೇ."

"ನಿಜ ಹೇಳು."

"ನಿಜ ಕಣೋ. ಬೆಳಿಗ್ಗೆ ಡಾಕ್ಟರು ಫೋನ್ ಮಾಡಿದ್ರು."

ಒಂಟೆಯ ಮುಖ ಸಡಿಲವಾಯಿತು. ಉಸಿರು ಬಿಟ್ಟು, ನಕ್ಕು, ಕನ್ನಡಕನ ಹೆಗಲ ಮೇಲೆ ಕೈ ಹಾಕಿದ, ಕೈ ಒದ್ದೆಯಾಗಿತ್ತು. "ಥೂ, ಬೆಳಿಗ್ಗೆಯಿಂದ ಒಂದು ತುತ್ತು ಇಳಿದಿಲ್ಲ ನನಗೆ. ನೀನು ಫೋನ್ ಮಾಡಿದಾಗ ಅಂದ್ಕೊಂಡೆ, ಹೇಳೋಕೇ ಮಾಡಿದ್ದಾನೆ ಅಂತ. ಈ ಕೆಲಸ ನಿಂದೇ ಅಲ್ವಾ ಯಾವಾಗ್ಲೂ. ಏನೇನೆಲ್ಲಾ ಯೋಚನೆ ಮಾಡಿಬಿಟ್ಟೆ ನಿನ್ನ ಮೇಲೆ, ಕ್ಷಮಿಸ್ಬಿಡೋ." ಮೆಟ್ಟಿಲು ಹತ್ತುವಾಗಲೂ ಹೆಗಲಿನಿಂದ ಕೈ ತೆಗೆಯಲಿಲ್ಲ. ಫೋಟೊಗಳನ್ನು ನೋಡಲಿಲ್ಲ, ಮೊಳೆಯನ್ನೂ ನೋಡಲಿಲ್ಲ. ಕನ್ನಡಕ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಇಷ್ಟು ನಿಜವನ್ನು ಅವನು ಕಡ್ಡಿಗೂ ಹೇಳಿರಲಿಲ್ಲ, ಹೆಂಡತಿಯ ತಮ್ಮನಿಗೂ ಹೇಳಿರಲಿಲ್ಲ.

ಒಳಗೆ ಡಾಕ್ಟರು ವಿಪರೀತ ಗೌರವದಿಂದ ಎದ್ದು ನಿಂತರು. ವಕೀಲ ತಂತಿ ಬಿಗಿಯುತ್ತಿದ್ದ. ಒಂಟೆ ಫ್ಲಾಸ್ಕಿನ ಮುಚ್ಚಳಕ್ಕೆ ಬಿಸಿನೀರು ಬಗ್ಗಿಸಿಕೊಂಡು ಕುಡಿದು, ತಮಾಷೆಯಾಗಿ ಏನೋ ಹೇಳುತ್ತ ತನ್ನ ಜಾಗಕ್ಕೆ ಹೋಗಿ ನಿಂತ. ಮೈಕು ಅವನ ಎದೆಗೆ ಬಂದು ಮುಟ್ಟಿತು. ಅವನು ಸ್ವಲ್ಪ ಹೊತ್ತು ಅದನ್ನೇ ನೋಡಿದ, ಯಾರನ್ನೂ ನೋಡಲಿಲ್ಲ. ಆಮೇಲೆ ಸ್ಟ್ಯಾಂಡಿನ ತಿರುಪನ್ನು ಸಡಿಲಿಸಿದ, ಅದು ಕಿರುಗುಟ್ಟಿತು. ಮೈಕನ್ನು ಒಂದೂವರೆ ಗೇಣು ಮೇಲಕ್ಕೆ, ತನ್ನ ಬಾಯಿಯವರೆಗೆ ಎಳೆದುಕೊಂಡು ಬಿಗಿದ. ಬಿಗಿದ ಮೇಲೆ ಒಂದೇ ಒಂದು ಸಲ ತಿರುಗಿ ಕನ್ನಡಕನನ್ನು ನೋಡಿದ. ಕನ್ನಡಕ ಶ್ರುತಿ ಸರಿಯಿದ್ದ ತಂತಿಯ ಶ್ರುತಿ ನೋಡುತ್ತಿದ್ದ.

ಹಾಡು ಶುರುವಾಯಿತು. ಮೊದಲನೇ ಸಾಲು ಚೆನ್ನಾಗಿ ಬಂತು, ಎರಡನೆಯದೂ. ಕತ್ತು ಚಾಚಿ, ಕಣ್ಣು ಮುಚ್ಚಿ, ಒಂಟೆ ವರ್ಷಗಳಿಂದ ಹಾಡದಷ್ಟು ಮನಸ್ಸಿಟ್ಟು ಹಾಡುತ್ತಿದ್ದ. ಆ ಜಾಗ ಬರುತ್ತಿತ್ತು. ಕನ್ನಡಕನ ಬೆರಳಿಗೆ ಅಭ್ಯಾಸವಾಗಿತ್ತು, ಅದು ಬಲವಾಗಿ ಎಳೆಯಲು ಹೊರಟಿತು. ಅವನು ಅದನ್ನು ಹಿಡಿದ. ತಂತಿಯ ಮೇಲೆ ಬೆರಳನ್ನು ಸುಮ್ಮನೆ ಇಟ್ಟ ಹಾಗೆ ಮೆಲ್ಲಗೆ ನುಡಿಸಿದ. ಕಿಟಕಿಯ ಗಾಜು ಅಲುಗಲಿಲ್ಲ. ಒಂಟೆಯ ದನಿ ಎಲ್ಲರ ಎದುರಿಗೆ ಒಡೆಯಿತು, ಒಡೆದ ಮೇಲೂ ನಿಲ್ಲದೆ, ಮೇಲೆ ಹತ್ತಲಾರದೆ, ಎರಡು ಸಾಲು ಎಳೆದುಕೊಂಡು ಹೋಗಿ ಕೆಮ್ಮಿನಲ್ಲಿ ನಿಂತಿತು. ಡಾಕ್ಟರು ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡರು. ವಕೀಲ ಕಿಟಕಿಯ ಕಡೆ ನೋಡುತ್ತಿದ್ದ.

ಒಂಟೆ ಬೆನ್ನು ತಿರುಗಿಸಿಕೊಂಡೇ ಬಿಸಿನೀರು ಕುಡಿದ. "ಇನ್ನೊಂದ್ಸಲ, ಅಲ್ಲಿಂದಲೇ" ಎಂದ. ಆಮೇಲೆ, ದನಿ ಇಳಿಸಿ, ಬೇರೆ ಯಾರಿಗೂ ಅಲ್ಲದ ಹಾಗೆ, "ಕನ್ನಡಕ, ನೀನು ಕೇಳಿಸ್ತಾನೇ ಇಲ್ಲ ಕಣೋ. ಸ್ವಲ್ಪ ಜೋರು ಮಾಡು" ಎಂದ.

ಎರಡು ವರ್ಷದಲ್ಲಿ ಅವನು ಕೇಳಿದ್ದು ಇದೇ ಮೊದಲು. ಕನ್ನಡಕ ಆಂಪ್ಲಿಫೈಯರಿನ ಹತ್ತಿರ ಹೋಗಿ ಬಗ್ಗಿದ. ಗುಂಡಿಯ ಮೇಲೆ ಬೆರಳಿಟ್ಟ, ತಿರುಗಿಸಿದವನ ಹಾಗೆ ಮಣಿಕಟ್ಟನ್ನು ಅಲುಗಿಸಿ, ಬೆರಳು ತೆಗೆದ.

"ಈಗ ಸರಿನಾ?" ಎಂದು ಕೇಳಿದ.

"ಈಗ ಸರಿ" ಎಂದ ಒಂಟೆ, ಮತ್ತು ಕತ್ತು ಮುಂದೆ ಚಾಚಿದ.